ಇಲಿಯ ಬೆನ್ನು, ನನ್ನ ತೋಳು

ಭದ್ರಾವತಿ, ಫೆಬ್ರವರಿ ೧೧, ಬುಧವಾರ

ಎಡತೋಳಿನ ಕಲೆ ಇವತ್ತೂ ತುರಿಸಿತು. ಉದ್ದಿನಕಾಳಿನಷ್ಟಿದ್ದದ್ದು ಹುಣಸೆಬೀಜದಷ್ಟಾಗಿದೆ. ಯಾರಿಗೂ ತೋರಿಸಿಲ್ಲ. ಪರಿಚಯದವರ ವರ್ಕ್‌ಶಾಪಿನಿಂದ ಲೇತ್ ಯಂತ್ರದ ಹಳೇ ಎಣ್ಣೆಯನ್ನು ಬಾಟಲಿಗೆ ತುಂಬಿಸಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ಅಲ್ಲಿ ದುರ್ಗಿಗುಡಿಯಲ್ಲಿರುವ ನನ್ನ ಮಗಳು ರಂಜಿನಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾವ ರಾಸಾಯನಿಕದಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಅಂತ ನೋಡುವ ಕೆಲಸ. ಇಲಿಯ ಬೆನ್ನು ಬೋಳಿಸಿ, ವಾರಕ್ಕೆರಡು ಸಲ ಅದನ್ನು ಸವರಿ, ಗಂಟು ಏಳುತ್ತದಾ ಅಂತ ಕಾಯುತ್ತಾರಂತೆ. ಏನೂ ಸವರದ ಇಲಿಗಳೂ ಇರುತ್ತವೆ, ಹೋಲಿಸಲಿಕ್ಕೆ. ಕಂಟ್ರೋಲ್ ಗ್ರೂಪ್! ಕಾಲೇಜಲ್ಲಿ ಓದಿದ್ದೆ, ಕಂಟ್ರೋಲ್ ಅಂಡ್... ಇನ್ನೊಂದು ಏನೋ.

"ಇದನ್ನೊಂದು ಟೆಸ್ಟ್ ಮಾಡಮ್ಮ," ಅಂದೆ, ಎಣ್ಣೆ ಬಾಟಲಿ ಮುಂದಿಟ್ಟು.

"ಯಾಕಪ್ಪಾ?"

"ಸುಮ್ನೆ. ಜನರಲ್ ನಾಲೆಡ್ಜ್."

ನಕ್ಕಳು. "ಇಲಿಗೆ ತಿಂಗಳುಗಟ್ಟಲೆ ಬೇಕು ಮಾರಾಯ. ಕಬ್ಬಿಣದ ಬಿಸಿ ಚೂರು ಅಂಟಬಾರದು ಅಂತ ನೀನೇ ದಿನಾ ಈ ಎಣ್ಣೆ ತೋಳಿಗೆ ಸವರ್ಕೊಂಡು ಲೇತ್ ಮುಂದೆ ನಿಲ್ತಿದ್ದಲ್ಲ, ರಿಟೈರ್ ಆಗೋವರೆಗೂ." ಅಷ್ಟು ಹೇಳಿದವಳ ನಗು ನಿಂತಿತು. "ಈ ಸೆಕೇಲಿ ತುಂಬುತೋಳಿನ ಅಂಗಿ ಯಾಕೆ? ಮಡಚು ನೋಡೋಣ."

ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

ಸಂಜೆ ಫೋನ್ ಮಾಡಿದಳು. "ನಾಳೆ ಚರ್ಮದ ಡಾಕ್ಟರ ಹತ್ರ ಹೋಗ್ತೀವಿ. ಬಾಗಿಲು ತೆಗೀದೇ ಇದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀನಿ."

ಕೂಗುತ್ತಾಳೆ, ಅವಳಮ್ಮನ ಗಂಟಲು. ನನ್ನ ಹೆಂಡತಿ ಚಿನ್ನಮ್ಮ ಸೀಗೆಪುಡಿ ಹಾಕಿ ಈ ತೋಳು ಉಜ್ಜುತ್ತಿದ್ದಳು. ಇದ್ದಿದ್ದರೆ ಕಲೆ ಉದ್ದಿನಕಾಳಾಗಿದ್ದಾಗಲೇ ಹಿಡಿದುಬಿಡುತ್ತಿದ್ದಳು. ಅವಳು ಹೋದಮೇಲೆ ಇದನ್ನು ನೋಡಿದವರಿಲ್ಲ. ಇಲಿಗಳನ್ನಾದರೂ ವಾರಕ್ಕೆರಡು ಸಲ ಯಾರೋ ಕೈಯಲ್ಲಿ ಹಿಡಿದು ನೋಡುತ್ತಾರೆ.

ನಿದ್ದೆ ಹತ್ತುತ್ತಿಲ್ಲ. ಅರ್ಧತೋಳಿನ ಅಂಗಿ ತೆಗೆದಿಟ್ಟಿದ್ದೇನೆ. ಇಸ್ತ್ರಿ ಆಗಿಲ್ಲ, ಬೈದರೆ ಬೈಯಲಿ, ನಾಳೆ ಬಾಗಿಲು ಮಾತ್ರ ತೆಗೆಯುತ್ತೇನೆ.