ಬಾವಿಯಿಂದ ತೆಗೆದ ಸೀಸವನ್ನು ಯಾರಿಗೆ ಒಪ್ಪಿಸಲಿ?

ಜಿಲ್ಲೆಯ ಪರಿಸರ ಕಾಯುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಅಪಾಯಕಾರಿ ತ್ಯಾಜ್ಯವನ್ನು ಪರವಾನಗಿ ಇಲ್ಲದೆ ಇಟ್ಟುಕೊಂಡಿದ್ದೇನೆಂದು ನಿಮ್ಮ ಕಚೇರಿ ನನಗೆ ನೋಟಿಸು ಕೊಟ್ಟಿದೆ. ನಿಜ, ಇಟ್ಟುಕೊಂಡಿದ್ದೇನೆ. ಅದು ನಮ್ಮ ಅವ್ವ ಕುಡಿದ ಬಾವಿಯ ನೀರಿನಿಂದ ನಾನು ತೆಗೆದ ಸೀಸ. ಅದನ್ನು ಯಾರಿಗೆ ಒಪ್ಪಿಸಲಿ ಎಂದು ನಿಮ್ಮನ್ನೇ ಕೇಳಿದ್ದೆ. ಉತ್ತರದ ಬದಲು ನೋಟಿಸು ಬಂತು. ಆದ್ದರಿಂದ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಅವ್ವನ ಹೆಸರು ಸೋಮಮ್ಮ. ಉಡಿಗಾಲ ಗ್ರಾಮದ ಅಂಚಿನ ಮನೆಯಲ್ಲಿ ನನ್ನ ತಮ್ಮ ಶಶಿಕುಮಾರನ ಜೊತೆ ಇದ್ದಳು. ಅವರ ಅರಿಸಿನದ ಹೊಲಕ್ಕೆ ತಾಗಿದಂತೆ ಯಾರೋ ತಗಡಿನ ಶೆಡ್ಡು ಹಾಕಿ, ಹಳೆಯ ವಾಹನಗಳ ಬ್ಯಾಟರಿ ಒಡೆದು ಸೀಸ ತೆಗೆಯತೊಡಗಿದರು. ಶೆಡ್ಡಿಗೆ ಬೋರ್ಡಿರಲಿಲ್ಲ. ಬ್ಯಾಟರಿಯೊಳಗಿನ ಆಸಿಡ್ಡನ್ನು ಹಿಂದಿನ ಗುಂಡಿಗೆ ಸುರಿಯುತ್ತಿದ್ದರು. ಊರವರು ಕೆಮ್ಮಿ ಕೆಮ್ಮಿ ಜಗಳಕ್ಕೆ ನಿಂತಾಗ ತಗಡನ್ನೂ ಬಿಚ್ಚಿಕೊಂಡು ಹೋದರು. ಗುಂಡಿ ಉಳಿಯಿತು. ಮಳೆ ಬಿದ್ದಾಗೆಲ್ಲ ಅದರ ನೀರು ಮಣ್ಣಿನೊಳಗೆ ಇಳಿದು ನಮ್ಮ ಬಾವಿಯ ದಾರಿ ಹಿಡಿಯಿತು.

ಮೊದಲು ಅವ್ವನಿಗೆ ಹೊಟ್ಟೆನೋವು ಬಂತು. ಆಮೇಲೆ ಮಣಿಕಟ್ಟು ಜೋತುಬಿದ್ದು, ಹಿಟ್ಟು ತಿರುವುವ ಕೋಲು ಕೈಯಲ್ಲಿ ನಿಲ್ಲದಾಯಿತು. ಕೊನೆಗೆ ಮಟಮಟ ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಹೋಗಿ ಕೂರತೊಡಗಿದಳು.

"ಒಳಗ್ ಯಾರೋ ಅಳ್ತಾವ್ರೆ ಕಣಮ್ಮಿ. ನಿಂಗೆ ಕೇಳಾಕಿಲ್ವಾ?" ಎಂದು ನನ್ನ ಕೇಳಿದಳು.

"ಗಾಳಿ ಸೋಕದೆ ಕಣಕ್ಕ. ಬೆಟ್ಟಕ್ಕೆ ಕರ್ಕೊಂಡೋಗನ," ಎಂದ ಶಶಿ. ಬೆಟ್ಟದ ದೇವರಿಗೆ ಹರಕೆ ಹೊತ್ತು ಅಲ್ಲಿಗೂ ಹೋದೆವು. ಅಲ್ಲಿಂದ ಬಂದ ಮೇಲೆ ಫಿಟ್ಸು ಶುರುವಾಯಿತು. ಮೈಸೂರಿನ ವೈದ್ಯರು ಅವಳ ಕಪ್ಪಿಟ್ಟ ವಸಡು ನೋಡಿ, "ನಿಮ್ಮ ಮನೇಲಿ ಯಾರಾದ್ರೂ ಬ್ಯಾಟರಿ ಕೆಲ್ಸ ಮಾಡ್ತಾರಾ?" ಎಂದು ಕೇಳಿದರು. ರಕ್ತದ ತುಂಬ ಸೀಸವಿತ್ತು. ಔಷಧಿ ಹಿಡಿಯುವ ಮೊದಲೇ ಅವಳು ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ನಾನು ಬಾಟಲಿ ನೀರನ್ನು ಲೋಟಕ್ಕೆ ಬಗ್ಗಿಸಿ ಬಾಯಿಗೆ ಹಿಡಿದರೆ, ಜೋತ ಕೈಯಿಂದಲೇ ಅದನ್ನು ತಳ್ಳಿ, "ಬ್ಯಾಡ ಬುಡವ್ವ, ಅದ್ರೊಳಗೂ ಅವ್ರೆ," ಅಂದಳು. ಅವಳಿಂದ ನಾನು ಕೇಳಿದ ಕೊನೆಯ ಮಾತು ಅದು.

ನಾನು ಚಾಮರಾಜನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವಳು. ದೆವ್ವ ನಂಬುವವಳಲ್ಲ. ಆದರೂ ಪರೀಕ್ಷೆಗೆಂದು ನೀರು ಸೇದುವಾಗ ಪ್ರತಿಸಲ ಬಗ್ಗಿ ಕಿವಿಗೊಟ್ಟಿದ್ದೇನೆ. ನೀರಿಗೆ ಆಸಿಡ್ಡಿನ ಹುಳಿ ಇಳಿದಿತ್ತು, ಅದರ ತುಂಬ ಸೀಸ. ಕಡಲಪಾಚಿಯಿಂದ ಬರುವ ಆಲ್ಜಿನೇಟ್ ಎಂಬ ಅಂಟಿನ ಪುಡಿಯನ್ನು ನೀರಿನಲ್ಲಿ ಕರಗಿಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟರೆ, ನೆನೆದ ಸಬ್ಬಕ್ಕಿಯಂಥ ಮಣಿಗಳಾಗುತ್ತವೆ. ಅವು ಸೀಸವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊದಲ ಸಲ ಸೋತೆ. ಆ ಹುಳಿಯಲ್ಲಿ ಮಣಿ ಮುದುಡುತ್ತದೆ, ಸೀಸ ಜಾರಿಹೋಗುತ್ತದೆ. ಸುಣ್ಣಕಲ್ಲಿನ ಪುಡಿಯಿಂದ ಹುಳಿ ಇಳಿಸಿ, ಮಣಿ ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿದ ಮೇಲೆ ಸೀಸದ ಬಹುಪಾಲು ಮಣಿಗಳಲ್ಲೇ ನಿಂತಿತು. ಅಂದು ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಅತ್ತೆ. ಅವ್ವನನ್ನು ಕೊಂದದ್ದು ನನ್ನ ಅಂಗೈಯಲ್ಲಿತ್ತು, ತಣ್ಣಗೆ, ಮೆತ್ತಗೆ.

ಆ ಮಣಿಗಳನ್ನು ತಿಪ್ಪೆಗೆ ಎಸೆದರೆ ಸೀಸ ಮತ್ತೆ ಮಣ್ಣು ಸೇರುತ್ತದೆ. ಅದಕ್ಕೇ ಜಾಡಿಗಳಲ್ಲಿ ಮುಚ್ಚಿಟ್ಟು ನಿಮಗೆ ಬರೆದೆ. ಗುಂಡಿಯ ವಿಷಯವನ್ನೂ ಬರೆದೆ. ಗುಂಡಿಯ ಬಗ್ಗೆ ನೀವು ಹೇಳಿದ್ದು, "ಸದರಿ ಸ್ಥಳದಲ್ಲಿ ಯಾವುದೇ ಕಾರ್ಖಾನೆ ಇರುವುದಿಲ್ಲ." ಜಾಡಿಗಳ ಬಗ್ಗೆ ಹೇಳಿದ್ದು, ಅಕ್ರಮ ದಾಸ್ತಾನು. ಅಂದರೆ ಇಲ್ಲದ ಕಾರ್ಖಾನೆ ಸುರಿಯದೇ ಹೋದ ವಿಷವನ್ನು ನಾನು ಕಾನೂನುಬಾಹಿರವಾಗಿ ಕೂಡಿಟ್ಟಿದ್ದೇನೆ. ಇಂಥ ತರ್ಕ ಯಾವ ಪಠ್ಯಪುಸ್ತಕದಲ್ಲಿದೆ, ಮಾನ್ಯರೇ? ನನ್ನ ವಿದ್ಯಾರ್ಥಿಗಳಿಗೂ ಹೇಳಿಕೊಡುತ್ತೇನೆ. ಈ ನಡುವೆ ಶೆಡ್ಡಿದ್ದ ಜಮೀನಿನವರು ಗುಂಡಿಯ ಮೇಲೆ ಕೆಂಪು ಮಣ್ಣು ಎಳೆದು, ಗುಂಡ್ಲುಪೇಟೆಯಿಂದ ಸಸಿ ತಂದು ಚೆಂಡುಹೂ ಹಾಕಿದ್ದಾರೆ. ಸ್ಥಳ ಪರಿಶೀಲನೆಗೆ ಬಂದ ನಿಮ್ಮವರು ಆ ಹೂವನ್ನು ನೋಡಿಕೊಂಡು ವಾಪಸಾದರು.

ಮೊನ್ನೆ ಉಡಿಗಾಲಕ್ಕೆ ಹೋದಾಗ ಅವ್ವನ ಪಕ್ಕದ ಮನೆಯ ಶಾಂತಿ ಕೊಡ ಹಿಡಿದು ಬಂದಳು. ತುಂಬಿದ ಬಸುರಿ.

"ಅಕ್ಕ, ನಿಮ್ಮ ಮಣೀಲಿ ಸೋಸಿದ ನೀರ ಕುಡೀಬೋದಾ?"

ಬೇಡ ಅಂದೆ. ಕಾಲೇಜಿನ ಕೊಳವೆಯಲ್ಲಿ ಗೆದ್ದದ್ದನ್ನು ನಂಬಿ ಒಬ್ಬ ಬಸುರಿಗೆ ನೀರು ಕೊಡುವ ಧೈರ್ಯ ನನಗಿಲ್ಲ. ಗುಂಡಿ ಅಲ್ಲೇ ಇರುವ ತನಕ ಬಾವಿಗೆ ವಿಷ ಇಳಿಯುತ್ತಲೇ ಇರುತ್ತದೆ.

"ನಲ್ಲಿ ಬರದು ಯಾವಾಗ್ಲೋ. ಮತ್ತೆಲ್ಲಿಂದ ತರನ?" ಎಂದಳು. ಅವಳು ಬಾವಿಯ ಕಡೆಗೇ ಹೋದಳು.

ನನ್ನ ಮೇಲೆ ಮೊಕದ್ದಮೆ ಹೂಡಿ, ಬರುತ್ತೇನೆ. ಅದಕ್ಕೆ ಮುಂಚೆ ಆ ಹೂವಿನ ಹೊಲ ಅಗೆಸಿ ಮಣ್ಣು ತೆಗೆಸಿ, ಬಾವಿಗೆ ಬೀಗ ಹಾಕಿಸಿ, ಆ ಬೀದಿಗೆ ಟ್ಯಾಂಕರಿನಲ್ಲಿ ಒಳ್ಳೆಯ ನೀರು ಕಳಿಸಿ. ಶಾಂತಿಗೆ ಇದೇ ತಿಂಗಳು ಹೆರಿಗೆ.

ಇಂತಿ,
"ಕುಡಿಯಬೇಡ" ಎನ್ನುವುದಷ್ಟೇ ಕೈಲಾದ
ಸ್ವರ್ಣಲತಾ
ರಸಾಯನಶಾಸ್ತ್ರ ಉಪನ್ಯಾಸಕಿ, ಚಾಮರಾಜನಗರ