ಹನ್ನೆರಡು ಮೀನು, ಒಂದೇ ತೊಟ್ಟಿ

ಮೇಡಂ ಅವರಿಗೆ ನಮಸ್ಕಾರಗಳು.

ನನ್ನ ಹನ್ನೆರಡು ಮೀನುಗಳೂ ಬದುಕಿವೆ. ಆದರೆ ಯಾವುದು ಯಾವುದೆಂದು ಈಗ ದೇವರಿಗೇ ಗೊತ್ತು. ತೊಟ್ಟಿ ನೋಡಿಕೊಳ್ಳುವ ಅಜ್ಜ ನಿನ್ನೆ, ಒಂದೊಂದು ಮೀನಿಗೊಂದರಂತೆ ಅಂಕಿ ಬರೆದಿಟ್ಟಿದ್ದ ಹನ್ನೆರಡು ಡಬ್ಬಿಗಳನ್ನೂ ತೊಳೆದಿಟ್ಟು, ಎಲ್ಲವನ್ನೂ ಒಂದೇ ತೊಟ್ಟಿಗೆ ಬಿಟ್ಟಿದ್ದಾರೆ.

“ಒಂಟಿಯಾಗಿ ಸೊರಗ್ತಿದ್ವು ಕಣಮ್ಮ. ಈಗ ಜೊತೆ ಸಿಕ್ತು ನೋಡು,” ಎಂದರು.

“ಅವಕ್ಕೆ ಜೊತೆ ಸಿಕ್ತು. ನನಗೇನು ಗತಿ ಅಜ್ಜ?” ಎಂದು ಕಿರುಚಿದೆ.

ಮಿದುಳು ಹೊರಗಿನಿಂದಲೇ ಕಾಣುವಂಥ ಬಣ್ಣವಿಲ್ಲದ ಮೀನೇ ಬೇಕೆಂದು ಹಟ ಹಿಡಿದು ತಂದವಳು ನಾನೇ. ಹಾಗಾಗಿ ಗುರುತಿಗೊಂದು ಚುಕ್ಕೆಯೂ ಇಲ್ಲ. ಬೆಳೆದ ಮೀನಿನ ಮಿದುಳಿನಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಯಾವ ಆಕರಕೋಶ ಯಾವಾಗ ಒಡೆದು ಎರಡಾಗುತ್ತದೆಂದು ನೋಡಲು, ಪ್ರತಿ ಮೀನಿನ ಚಿತ್ರವನ್ನೂ ಮೂರು ದಿನಕ್ಕೊಮ್ಮೆ ತೆಗೆಯುತ್ತ ನಾಲ್ಕು ತಿಂಗಳು ಕಳೆದಿದ್ದೇನೆ. ಆ ಕೋಶಗಳೋ ಕುಂಭಕರ್ಣನ ವಂಶದವು. ಎಲ್ಲೋ ಒಂದೊಂದು ಎದ್ದರೆ ಅದೇ ದೊಡ್ಡದು.

ಅತ್ತು ಮುಗಿದ ಮೇಲೆ ಒಂದು ದಾರಿ ಹೊಳೆಯಿತು. ಏಳದ ಕೋಶಗಳು ಮಲಗಿದಲ್ಲೇ ಇರುತ್ತವಲ್ಲ? ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟರೆ, ಅವು ಮಲಗಿರುವ ಸಾಲೇ ಮೀನಿನ ಗುರುತು ಹೇಳುತ್ತದೆ.

ನಾಳೆ, ನಾಡಿದ್ದು ನಿಮ್ಮ ಸರದಿಯೆಂದು ಬಲ್ಲೆ. ಆದರೂ ಸೂಕ್ಷ್ಮದರ್ಶಕವನ್ನು ನನಗೆ ಬಿಟ್ಟುಕೊಡಿ. ಮೊದಲಿನಿಂದ ಶುರುಮಾಡು ಎಂದು ಮಾತ್ರ ಹೇಳಬೇಡಿ, ನನ್ನಿಂದಾಗದು.

ಅಜ್ಜನನ್ನು ಬೈಯಬೇಡಿ. ನಿಮ್ಮ ಪಾಲಿನದನ್ನೂ ನಾನೇ ಬೈದು ಮುಗಿಸಿದ್ದೇನೆ. ಬೆಳಗಿನಿಂದ ಅವರು ಮೂಲೆಯಲ್ಲಿ ಕೂತು ಖಾಲಿ ಡಬ್ಬಿಗಳ ಮೇಲೆ ಮತ್ತೆ ಅಂಕಿ ಬರೆಯುತ್ತಿದ್ದಾರೆ.

ಇಂತಿ,
ಮೀನಿನ ಕೋಣೆಯಿಂದ ನಿಮ್ಮ ವಿದ್ಯಾರ್ಥಿನಿ