ಬಂದು ಒಯ್ಯುವವರಿಗೆ ಚಾರ್ಜ್

ಫೆಬ್ರವರಿ 6, ಬೆಳಿಗ್ಗೆ

ಹಿತ್ತಾಳೆ ಲ್ಯಾಂಪಿನ ವೈರ್ ಬದಲಾಯಿಸಿದ್ದಾಯಿತು. ಹೋಲ್ಡರ್ ಹೊಸದು. ಫೋಟೊ ತೆಗೆದು ಆನ್‌ಲೈನ್ ಹರಾಜಿಗೆ ಹಾಕಿದೆ. ಕೆಳಗೆ ಎಂದಿನ ಸಾಲು — ಮನೆಗೆ ಬಂದು ಒಯ್ಯುವವರು ಕಲೆಕ್ಷನ್ ಚಾರ್ಜ್ ಕೊಡಬೇಕು.

ನಾದಿನಿ ಟೀ ಲೋಟ ಹಿಡಿದು ಬೆನ್ನ ಹಿಂದೆ ನಿಂತು ಓದಿದಳು. ಕೊರಿಯರ್‌ಗೆ ದುಡ್ಡು ಕೇಳುವುದು ಸರಿ, ತಾನೇ ಪೆಟ್ರೋಲ್ ಸುಟ್ಟುಕೊಂಡು ಬರುವವನ ಹತ್ತಿರ ಯಾತಕ್ಕೆ ಎಂದಳು. ಪ್ಯಾಕಿಂಗ್, ಕಾಯುವ ಹೊತ್ತು, ಮೆಟ್ಟಿಲಿಳಿಸುವ ಕಷ್ಟ ಅಂತ ಫೋನಿನಲ್ಲಿ ಬರೆದು ತೋರಿಸಿದೆ. ಮೂಗು ಮುರಿದಳು. ಇವಳಿಗೆ ನಾನಿಟ್ಟ ಹೆಸರು ಕಮಿಷನರ್. ತನ್ನಣ್ಣ ಹೋದ ಮೇಲೂ ಅತ್ತಿಗೆಯನ್ನು ಬಿಟ್ಟು ಹೋಗದವಳು. ಮೂಗು ಎಷ್ಟು ಬೇಕಾದರೂ ಮುರಿಯಲಿ.

ಫೆಬ್ರವರಿ 9

ಆಸ್ಪತ್ರೆ. ಸ್ಪೀಚ್ ಥೆರಪಿ ಹುಡುಗಿ ಗದರಿದಳು, ನಗುನಗುತ್ತಲೇ. ಗಂಟಲ ಆಪರೇಶನ್ ಗಾಯ ಮಾಗಿದೆಯಂತೆ. ದನಿ ಇದೆ, ಒರಟಾಗಿದೆ, ಅಷ್ಟೆ. ಬಳಸದೆ ಬಿಟ್ಟರೆ ಅದೂ ಹೋಗುತ್ತದಂತೆ. ಮನೆಯವರಿಗೆ ಸನ್ನೆ, ಹೊರಗಿನವರಿಗೆ ಮೆಸೇಜು — ಹೀಗೇ ಆದರೆ ಮಳೆಗಾಲದ ಹೊತ್ತಿಗೆ ಪಿಸುಮಾತೂ ಉಳಿಯದು ಎಂದಳು.

ಅವಳಿಗೇನು ಗೊತ್ತು... ಬಸ್ ಸ್ಟ್ಯಾಂಡಿನ ಮೈಕಿನ ಮುಂದೆ ಅರ್ಧ ಆಯುಷ್ಯ ಕಳೆದವಳು ನಾನು. ಈಗ ಬಾಯಿ ತೆರೆದರೆ ತುಕ್ಕು ಹಿಡಿದ ಶಟರ್ ಎಳೆದ ಹಾಗೆ. ನನಗೇ ಕೇಳಲಾಗದು.

ಸಂಜೆ

ಇಲ್ಲಾದರೂ ನಿಜ ಬರೆಯೋಣ. ಯಾರು ಓದುತ್ತಾರೆ. ಚಾರ್ಜ್ ಪ್ಯಾಕಿಂಗಿಗೂ ಅಲ್ಲ, ಮೆಟ್ಟಿಲಿಗೂ ಅಲ್ಲ. ಜನ ಬರಬಾರದು ಅಂತ. ಹೋದ ತಿಂಗಳು ಗೋಡೆ ದೀಪ ಒಯ್ಯಲು ಬಂದವರು, ನಾನು ಬನ್ನಿ ಎಂದದ್ದೇ ತಡ, ಮೂಗಿಗೆ ಕರ್ಚೀಫ್ ಹಿಡಿದು ಹಿಂದೆ ಸರಿದರು. ಅಂಟುಕಾಯಿಲೆಯಾ ಅಂತ ನಾದಿನಿಯನ್ನು ಕೇಳಿದರು. ನಾನು ಅಲ್ಲೇ ನಿಂತಿದ್ದೆ.

ಮಾರನೆಯ ದಿನವೇ ಚಾರ್ಜ್ ಹಾಕಿದೆ. ಬೇಲಿ ಹಾಕಿದ ಹಾಗೆ. ಈಗ ಎಲ್ಲರೂ ಕೊರಿಯರ್‌ನಲ್ಲೇ ತರಿಸಿಕೊಳ್ಳುತ್ತಾರೆ. ನೆಮ್ಮದಿ.

ಫೆಬ್ರವರಿ 13

ಒಬ್ಬ ಮೆಸೇಜ್ ಹಾಕಿದ್ದಾನೆ — ನಿಮ್ಮ ಮನೆ ಮೆಟ್ಟಿಲಿಗೂ ಟೋಲ್ ಗೇಟಾ? ನಾದಿನಿ ನಕ್ಕು ನಕ್ಕು ಟೀ ನೆತ್ತಿಗೇರಿಸಿಕೊಂಡಳು. ನಾನೂ ನಕ್ಕೆ, ಸದ್ದಿಲ್ಲದೆ.

ಅವನು ಕೇಳಿದ್ದು ತಪ್ಪಲ್ಲ. ಬರುತ್ತೇನೆಂದ ದಿನ ಬಾರದೆ ನಮ್ಮನ್ನು ಮನೆಯಲ್ಲೇ ಕಟ್ಟಿಹಾಕುವವರಿದ್ದಾರೆ, ಅಂಥವರಿಗೆ ಹಾಕಿದರೆ ನ್ಯಾಯ. ಬಂದು, ಎತ್ತಿಕೊಂಡು, ಥ್ಯಾಂಕ್ಸ್ ಹೇಳಿ ಹೋಗುವವನಿಗೆ ಯಾವ ಸುಂಕ? ಆದರೂ ಸಾಲು ಅಳಿಸಲಿಲ್ಲ.

ಫೆಬ್ರವರಿ 16

ಹಿತ್ತಾಳೆ ಲ್ಯಾಂಪ್ ಹೋಯಿತು. ಗೆದ್ದವರು ಸ್ಕೂಲ್ ವ್ಯಾನ್ ಓಡಿಸುವವರು. ಚಾರ್ಜ್ ಸಮೇತ ಕಟ್ಟಿಬಿಟ್ಟಿದ್ದಾರೆ, ಚೌಕಾಸಿ ಇಲ್ಲ, ತಕರಾರಿಲ್ಲ. ಭಾನುವಾರ ಬರುತ್ತಾರಂತೆ.

ಕಮಿಷನರ್ ಭಾನುವಾರ ಊರಲ್ಲಿರುವುದಿಲ್ಲ. ಲ್ಯಾಂಪ್ ಹೊರಗಿಟ್ಟು ಬಾಗಿಲಿಗೆ ಚೀಟಿ ಅಂಟಿಸಿದರೆ ಹೇಗೆ?

ಫೆಬ್ರವರಿ 18, ಮಧ್ಯಾಹ್ನ

ಮೊದಲಿಂದ ಬರೆಯಬೇಕು.

ಹೊರಗಿಟ್ಟೆ. ಚೀಟಿ ಅಂಟಿಸಿದೆ — ದಯವಿಟ್ಟು ತೆಗೆದುಕೊಂಡು ಹೋಗಿ. ಒಳಗೆ ಬಾಗಿಲಿಗೆ ಕಿವಿಗೊಟ್ಟು ನಿಂತೆ. ಬೆಲ್. ಮತ್ತೆ ಬೆಲ್. ವಿಧಿಯಿಲ್ಲದೆ ತೆಗೆದೆ. ದೊಡ್ಡ ಆಳು, ತಲೆಯೆಲ್ಲ ಬೆಳ್ಳಗೆ, ಲ್ಯಾಂಪ್ ಆಗಲೇ ಕಂಕುಳಲ್ಲಿ. "ಹೇಳ್ಕೊಡೋದು ಒಳಗೋ, ಹೊರಗೋ?" ಎಂದರು.

ಏನನ್ನು ಹೇಳಿಕೊಡುವುದು? ಅವರೇ ಬಿಡಿಸಿ ಹೇಳಿದರು. ಹೆಂಡತಿಗೆ ಕಸೂತಿ ಕೆಲಸ, ಕಣ್ಣು ಮಂಜು. ದೀಪ ಕೆಟ್ಟರೆ ಅವಳ ಕೈ ಕಟ್ಟಿದ ಹಾಗೆ. ಬಂದು ಒಯ್ಯುವವರಿಗೆ ಚಾರ್ಜ್ ಅಂದಮೇಲೆ ಬಿಚ್ಚಿ ಜೋಡಿಸುವುದನ್ನು ಹೇಳಿಕೊಡುತ್ತಾರೆ ಅಂದುಕೊಂಡರಂತೆ. ಸುಮ್ಮಸುಮ್ಮನೆ ಯಾರಾದರೂ ದುಡ್ಡು ಇಸಿದುಕೊಳ್ಳುತ್ತಾರಾ? ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮೇಜಿಗೆ ಕರೆದೆ, ಸ್ಕ್ರೂಡ್ರೈವರ್ ಕೈಗೆ ಕೊಟ್ಟೆ. ಸನ್ನೆಯಲ್ಲೇ ಮುಗಿಸುವ ಲೆಕ್ಕ. ಅವರು ಬಿಟ್ಟರೆ ತಾನೆ! ಯಾಕೆ ಇದು ಮೊದಲು, ಯಾಕೆ ಇಲ್ಲಿ ಗಂಟು, ಶಾಕ್ ಹೊಡೆಯಲ್ವಾ — ಒಂದೇ ಎರಡೇ. ಕೊನೆಗೆ ಬಾಯಿ ತೆರೆದೆ. ಮೊದಲ ಮಾತಿಗೇ ಅವರ ಮುಖ ನೋಡಿದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು, ಕಿವಿಗೊಟ್ಟರು. ಮಾತು ಸಿಕ್ಕಿಕೊಂಡಿತು. ಕೆಮ್ಮಿದೆ. ಕ್ಷಮಿಸಿ ಎಂದೆ.

"ನಿಧಾನವಾಗೇ ಹೇಳಿ ಅಮ್ಮ. ಚಾರ್ಜ್ ಕೊಟ್ಟಿದ್ದೀನಲ್ಲ, ನನಗೇನು ಅವಸರ ಇಲ್ಲ."

ನಿಧಾನವಾಗೇ ಹೇಳಿದೆ. ನಡುನಡುವೆ ನೀರು ಕುಡಿಯುತ್ತಾ. ಆಪರೇಶನ್ ಆದಮೇಲೆ ಇಷ್ಟು ಮಾತಾಡಿದ್ದೇ ಇಲ್ಲ. ಅವರೇ ಬಿಚ್ಚಿದರು, ಅವರೇ ಜೋಡಿಸಿದರು, ಪ್ಲಗ್ ಹಾಕಿದರು. ಹತ್ತಿತು. ಚಾರ್ಜ್ ವಾಪಸ್ ಕೊಡಲು ಹೋದರೆ ಕೈ ಅಡ್ಡ ಹಿಡಿದರು. ಕಲಿತದ್ದಕ್ಕೆ ಅದು ಕಡಿಮೆಯೇ ಆಯಿತಂತೆ.

ಅವರು ಹೋದ ಮೇಲೆ ಅತ್ತುಬಿಟ್ಟೆ. ಮನಸಾರೆ ಅತ್ತೆ. ಪುಣ್ಯಾತ್ಮ. ಅವರ ಹೆಂಡತಿಯ ಕಣ್ಣು ತಣ್ಣಗಿರಲಿ.

ಫೆಬ್ರವರಿ 20

ರಿವ್ಯೂ ಬಂದಿದೆ. ಲ್ಯಾಂಪ್ ಗಟ್ಟಿ ಇದೆ, ಮಾರುವವರು ಚೆನ್ನಾಗಿ ಬಿಡಿಸಿ ಹೇಳುತ್ತಾರೆ, ಖುದ್ದಾಗಿ ಹೋಗಿ ತನ್ನಿ.

ನನ್ನ ದನಿಯ ಬಗ್ಗೆ ಒಂದಕ್ಷರ ಇಲ್ಲ.

ನಾದಿನಿ ಎರಡು ಸಲ ಓದಿದಳು. "ಅಲ್ಲ ಅತ್ತಿಗೆ, ನನಗೆ ಸನ್ನೆ, ವ್ಯಾನಿನವರಿಗೆ ಪುರಾಣವಾ?" ಸಿಟ್ಟು ಹುಸಿ. ಕಣ್ಣು ಒದ್ದೆ. ಇನ್ನು ಮೇಲೆ ಸನ್ನೆ ಮಾಡಿದರೆ ಟೀ ಇಲ್ಲವಂತೆ. ಕಮಿಷನರ್ ಆರ್ಡರ್. ಟೀ ಕೊಡು ಎಂದೆ, ಬಾಯಿಬಿಟ್ಟು. ಕೊಟ್ಟಳು.

ಮಾರ್ಚ್ 11

ಬರೆಯಲು ಪುರುಸೊತ್ತೇ ಇಲ್ಲ. ಜನ ಬರುತ್ತಿದ್ದಾರೆ. ಹಳೆ ಸಾಲು ಅಳಿಸಿ ಹೊಸದು ಹಾಕಿದೆ — ಬಂದು ಒಯ್ಯುವವರಿಗೆ ಚಾರ್ಜ್ ಇಲ್ಲ, ಬಿಚ್ಚಿ ಜೋಡಿಸುವುದನ್ನು ಹೇಳಿಕೊಡಲಾಗುವುದು.

ನಾದಿನಿ ಹಣೆ ಚಚ್ಚಿಕೊಂಡಳು. ಏನೂ ಕೊಡದಿದ್ದಾಗ ವಸೂಲಿ ಮಾಡಿದಿರಿ, ಕೊಡಲು ಶುರುಮಾಡಿದ ಮೇಲೆ ಪುಕ್ಕಟೆಯಾ ಎಂದಳು. ಅವಳದೂ ನ್ಯಾಯವೇ. ಆದರೆ ಬರುವವರಿಂದ ನನಗೇನು ಸಿಗುತ್ತಿದೆ ಅಂತ ನನಗಲ್ಲವೇ ಗೊತ್ತು. ಇನ್ನೂ ಅವರ ಹತ್ತಿರ ದುಡ್ಡು ಕೇಳಲು ಬಾಯಿ ಬರದು.

ಎಲ್ಲರೂ ವ್ಯಾನಿನವರಲ್ಲ. ನಿನ್ನೆ ಒಬ್ಬಾಕೆ ದನಿ ಕೇಳಿ ಬೆಚ್ಚಿದಳು. ಅಂಟುವುದಲ್ಲ, ಆಪರೇಶನ್ ಆಗಿದೆ ಎಂದೆ. ನಾನೇ. ಆಕೆ ಪಾಪ, ಕೆಂಪಾಗಿ ಹೋದಳು. ಆಮೇಲೆ ಕೂತು ಕಲಿತು ಹೋದಳು.

ಮಾರ್ಚ್ 17, ಬೆಳಿಗ್ಗೆ

ಟೇಬಲ್ ಲ್ಯಾಂಪ್ ಒಯ್ಯಲು ಗಂಡ ಹೆಂಡತಿ ಬರುವವರಿದ್ದರು. ಬಂದಿದ್ದಾರೆ. ಕಿಟಕಿಯಿಂದ ಕಾಣುತ್ತಾರೆ. ಕೆಳಗೆ ಬೀದಿಯಲ್ಲಿ ನಿಂತು, ಯಾವ ಮನೆ ಅಂತ ತಿಳಿಯದೆ, ಫೋನ್ ನೋಡುವುದು, ಎದುರು ಸಾಲಿನ ಮನೆಗಳನ್ನು ನೋಡುವುದು. ನಾದಿನಿ ಕೂಗಿ ಕರೆಯಲು ಎದ್ದಳು. ನೀನು ಕೂತ್ಕೋ ಎಂದೆ. ಕೂತಳು.

ಬಾಲ್ಕನಿಯಿಂದ ಬೀದಿಗೆ ಮುಟ್ಟುವಷ್ಟು ದನಿ ಇದೆಯೋ ಇಲ್ಲವೋ, ಗೊತ್ತಿಲ್ಲ. ವಾಹನಗಳ ಸದ್ದು ಬೇರೆ. ಅಗೋ, ವಾಪಸ್ ಹೊರಟೇಬಿಟ್ಟರು... ಏ ಇಲ್ಲಿ, ಮೇಲೆ, ಇದೇ ಮನೆ, ಅಂತ ಪೆನ್ ಇಟ್ಟು ಈಗಲೇ